ಮುನ್ನಿಬೀಗೆ ಐದನೆಯ ತಮ್ಮ

ಕಡೇಚೂರಿನಲ್ಲಿ ಗುರುದೇವಿಯಷ್ಟು ಹೊಟ್ಟೆಕಿಚ್ಚಿನ ಹೆಂಗಸು ಇನ್ನೊಬ್ಬಳಿಲ್ಲ ಎಂದು ಅವಳ ಗಂಡ ಜಗದೇವಪ್ಪನೇ ಹೇಳುತ್ತಾನೆ. ಅದು ಪೂರ್ತಿ ನಿಜವಲ್ಲ. ಪಕ್ಕದ ಮನೆಗೆ ಬಂಗಾರ ಬಂದರೆ, ಎದುರು ಮನೆಗೆ ಟ್ರ್ಯಾಕ್ಟರ್ ಬಂದರೆ ಅವಳು ತಲೆ ಎತ್ತಿಯೂ ನೋಡುವವಳಲ್ಲ. ಅವಳ ಹೊಟ್ಟೆ ಉರಿಯುವುದು ಅಣ್ಣತಮ್ಮಂದಿರಿದ್ದ ಹೆಂಗಸರನ್ನು ಕಂಡಾಗ ಮಾತ್ರ. ಅವಳು ಹೆತ್ತವರಿಗೆ ಒಬ್ಬಳೇ ಮಗಳು. ಪಂಚಮಿ ಬಂತೆಂದರೆ ಓಣಿಯ ಹೆಂಗಸರನ್ನು ತವರಿಗೆ ಕರೆದೊಯ್ಯಲು ಅವರವರ ಅಣ್ಣಂದಿರು ಮೋಟರ್ ಸೈಕಲ್ ಮೇಲೆ ಬಂದಿಳಿಯುತ್ತಿದ್ದರು. ಗುರುದೇವಿ ಬಾಗಿಲು ಮುಂದೆ ಮಾಡಿಕೊಂಡು ಶೇಂಗಾದ ಉಂಡಿ ಕಟ್ಟುತ್ತ ಕೂರುತ್ತಿದ್ದಳು.

ಅಣ್ಣತಮ್ಮ ಇಲ್ಲದವಳು ಸೋದರತ್ತೆಯೂ ಆಗಲಾರಳು. ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಹಕ್ಕು ಈ ಕಡೆ ಮಗುವಿನ ತಂದೆಯ ಅಕ್ಕತಂಗಿಯರದು. ಗುರುದೇವಿಯ ಇಬ್ಬರು ಗಂಡುಮಕ್ಕಳಿಗೂ ಹೆಸರಿಟ್ಟವಳು ಸುರಪುರದಿಂದ ಬಂದ ನಾದಿನಿ ದೇವಕ್ಕ. ಹೆತ್ತವಳು ಇವಳು, ಇಳಕಲ್ ಸೀರೆ ಉಟ್ಟು ಮೆರೆದವಳು ಅವಳು! ಒಮ್ಮೆ, ಒಂದೇ ಒಂದು ಸಲ, ತಾನೂ ಯಾವುದಾದರೂ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು ಎಂಬ ಆಸೆ ಗುರುದೇವಿಗೆ ತಲೆ ಕೂದಲು ಹಣ್ಣಾದರೂ ಹಣ್ಣಾಗಲಿಲ್ಲ.

ಅಂಥವಳಿಗೆ ಸರ್ಕಾರವೇ ಒಬ್ಬ ತಮ್ಮನನ್ನು ಕೊಟ್ಟಿತು.

ಊರ ಹೊಲಗಳ ಮೇಲೆ ಕಾರ್ಖಾನೆಗಳೆದ್ದು, ಬಿಹಾರ, ಒಡಿಶಾ ಎಂದು ಎಲ್ಲೆಲ್ಲಿಂದಲೋ ಕೆಲಸಗಾರರು ಬಂದಿದ್ದರು. ಬಂದವರು ಬೇರೆ, ಊರವರು ಬೇರೆ ಎಂದಿರಬಾರದು, ಅವರು ನಮ್ಮೊಳಗೆ ಬೆರೆಯಬೇಕು ಎಂದು ಜಿಲ್ಲೆಯ ಅಧಿಕಾರಿಗಳು ‘ಊರ ಗೆಳತಿ’ ಎಂಬ ಯೋಜನೆ ತಂದರು. ಹೊರಗಿನಿಂದ ಬಂದ ಒಂದೊಂದು ಸಂಸಾರಕ್ಕೆ ಊರಿನ ಒಬ್ಬೊಬ್ಬ ಹೆಂಗಸು ಜೊತೆ. ರೇಷನ್ ಅಂಗಡಿ, ಅಂಗನವಾಡಿ, ಆಸ್ಪತ್ರೆ ತೋರಿಸುವುದು, ನಾಲ್ಕು ಮಾತು ಕನ್ನಡ ಕಲಿಸುವುದು ಅವಳ ಕೆಲಸ. ಗುರುದೇವಿಯ ಹಿಂದಿನ ಖೋಲಿಯಲ್ಲಿ ಒಡಿಶಾದ ಬಿಕಾಶ, ಅವನ ಹೆಂಡತಿ ಮಿನತಿ ಬಾಡಿಗೆಗಿದ್ದರು. ಹಾಗಾಗಿ ಅವಳೇ ಅವರ ಊರ ಗೆಳತಿಯಾದಳು. ಯಾದಗಿರಿಯಿಂದ ಬಂದ ಸೂಪರ್‌ವೈಸರ್ ಮೇಡಂ ಅವಳ ಸೆರಗಿಗೆ ಒಂದು ಬಿಲ್ಲೆ ಚುಚ್ಚಿದರು. ಕಸ ಗುಡಿಸುವಾಗಲೂ ಗುರುದೇವಿ ಆ ಬಿಲ್ಲೆ ತೆಗೆಯಲಿಲ್ಲ.

ಬಿಕಾಶ ಮೊದಲ ದಿನವೇ ಅವಳನ್ನು ‘ಅಕ್ಕಾ’ ಎಂದ. ಆ ಶ್ರಾವಣದಲ್ಲಿ ಪಂಚಮಿಯ ಉಂಡಿ ತಟ್ಟೆ ತುಂಬ ಹಾಕಿಕೊಟ್ಟರೆ ಅಷ್ಟೂ ತಿಂದು, ಬೆರಳು ನೆಕ್ಕಿ, ಇನ್ನೊಂದು ಕೇಳಿದ. ಗುರುದೇವಿ ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಿನತಿಗೆ ಆಗಲೇ ಮೂರು ತಿಂಗಳು. ಬಿಕಾಶನ ಒಡಹುಟ್ಟಿದವರೆಲ್ಲ ಗಂಡಸರು ಎಂದು ಕೇಳಿ ತಿಳಿದುಕೊಂಡಾಗ ಇವಳ ಎದೆ ಹಿಗ್ಗಿತು. ಸೋದರತ್ತೆ ಇಲ್ಲದ ಕೂಸು ಸೋದರತ್ತೆಯಾಗದವಳ ಮನೆಯಲ್ಲೇ ಹುಟ್ಟುವುದೆಂದರೆ ತಿಂಥಣಿಯ ಮೌನೇಶ್ವರನೇ ಮನಸ್ಸು ಮಾಡಿದಂತೆ ಎಂದುಕೊಂಡಳು.

ಪಾಠ ಜೋರಾಗಿ ನಡೆಯಿತು. ಗುರುದೇವಿ ತಪ್ಪು ಸಹಿಸುವವಳಲ್ಲ. ಬಿಕಾಶ ಡ್ಯೂಟಿ ಮುಗಿಸಿ ಬಂದು ‘ಮಿನತಿ ಮಲಗಿದೆ’ ಎಂದರೆ, ‘ಮಿನತಿ ಅಂದ್ರ ಎಮ್ಮಿ ಏನೋ? ಮಲಗ್ಯಾಳ ಅನ್ನು’ ಎನ್ನುವಳು. ಸರಿಯಾಗಿ ಹೇಳುವವರೆಗೆ ಚಹಾದ ಲೋಟ ಇವಳ ಕೈಯಲ್ಲೇ ಆರುತ್ತಿತ್ತು. ಮಿನತಿ ‘ನೀರು ಬಂದ್ಳು’ ಎಂದರೆ ಹಣೆ ಬಡಿದುಕೊಂಡು ಮತ್ತೆ ಮೊದಲಿನಿಂದ ಹೇಳಿಸುವಳು. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ. ನಮ್ಮವರೆಂದ ಮೇಲೆ ನಾಲಗೆಯೂ ನಮ್ಮದೇ ಆಗಬೇಡವೇ?

ಎಲ್ಲ ಸರಿಯಿತ್ತು, ಗೋಡೆಯಾಚೆ ಮುನ್ನಿಬೀ ಇರದಿದ್ದರೆ.

ಮುನ್ನಿಬೀ ಬಳೆ ಮಾರುವವಳು. ಅವಳಿಗೆ ನಾಲ್ಕು ಜನ ತಮ್ಮಂದಿರು. ರಂಜಾನ್ ಹಬ್ಬಕ್ಕೆ ನಾಲ್ವರೂ ಬಟ್ಟೆಯ ಗಂಟು ಹೊತ್ತು ಅವಳ ಬಾಗಿಲಿಗೆ ಬರುತ್ತಿದ್ದರು. ಇದನ್ನೇ ನೋಡಲಾಗದೆ ಗುರುದೇವಿ ಎಷ್ಟೋ ವರ್ಷದಿಂದ ಸಂಕಟಪಡುತ್ತಿದ್ದಳು. ಈಗ ಅದರ ಮೇಲೆ ಇನ್ನೊಂದು ಸೇರಿತು. ಮುನ್ನಿಬೀ ಮನೆಯಲ್ಲಿ ಆಡುವ ದಖನಿ ಮಾತು ಮಿನತಿಗೆ ಗೊತ್ತಿದ್ದ ಹಿಂದಿಗೆ ಹತ್ತಿರ. ಒಂದು ಮಧ್ಯಾಹ್ನ ಬಳೆ ತೊಡಿಸಲು ಬಂದ ಮುನ್ನಿಬೀ ಏನೋ ಅಂದಳು. ಮಿನತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಷ್ಟು ದಿನದಲ್ಲಿ ಗುರುದೇವಿಯ ಮುಂದೆ ಅವಳು ಹಾಗೆ ನಕ್ಕಿರಲೇ ಇಲ್ಲ.

‘ಏನಂದಿ ಅಕಿಗಿ?’ ಗುರುದೇವಿ ಕೇಳಿದಳು.

‘ಏನಿಲ್ಲವ್ವ. ಕೂಸು ಗಂಡಾದ್ರ ಅಪ್ಪನಂಗ ಗೊರಕಿ ಹೊಡಿತದ ಅಂದೆ.’

ಇದರಲ್ಲಿ ಅಷ್ಟು ನಗುವುದೇನಿದೆ ಎಂದು ಗುರುದೇವಿಗೆ ತಿಳಿಯಲಿಲ್ಲ. ಆದರೆ ಆಮೇಲೆ ದಿನವೂ ಗೋಡೆಯ ಮೇಲಿನಿಂದ ಮಾತು, ಮಾತಿನ ಹಿಂದೆ ನಗು. ಬಿಕಾಶನೂ ಸೈಕಲ್ ನಿಲ್ಲಿಸಿ ‘ಆಪಾ’ ಎಂದು, ಅವಳ ಮಾತಿನಲ್ಲಿ ಅಕ್ಕಾ ಎಂದು, ಅವಳನ್ನು ಮಾತಾಡಿಸತೊಡಗಿದ. ಗುರುದೇವಿಗೆ ಅನ್ನ ಸೇರದಾಯಿತು.

‘ನಾಕು ಮಂದಿ ತಮ್ಮಗೋಳು ಇದ್ದಾಕಿಗಿ ಐದನೇದಾಂವ ಯಾಕ ಬೇಕಂತ?’ ಎಂದು ಗಂಡನ ಮುಂದೆ ಕುದಿದಳು.

ಜಗದೇವಪ್ಪ ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ದಿನವಿಡೀ ನೋಡಿ ಸಾಕಾಗಿ ಬಂದಿದ್ದ. ‘ಊರಿಗೆ ಬಂದಾಕಿ ನೀರಿಗೆ ಬರ್ಲಾರದೇ ಇರ್ತಾಳೇನು? ಹತ್ತು ಮಂದಿ ಕೂಡ ಮಾತಾಡ್ತಾಳ, ಬಿಡು’ ಎಂದು ಮಗ್ಗುಲಾದ.

ಗುರುದೇವಿ ಬಿಡಲಿಲ್ಲ. ಮರುದಿನ ಸೆರಗಿನ ಬಿಲ್ಲೆ ಸರಿಮಾಡಿಕೊಂಡು ಗೋಡೆಯ ಹತ್ತಿರ ಹೋಗಿ ನಿಂತಳು.

‘ಮುನ್ನಿಬೀ, ಇನ್ನ ಮ್ಯಾಲ ಮಿನತಿ ಕೂಡ ಕನ್ನಡ ಅಷ್ಟ ಮಾತಾಡ್ಬೇಕು. ಸರ್ಕಾರದ ಆರ್ಡರ್ ಅದ.’

ಸರ್ಕಾರ ಹಾಗೇನೂ ಹೇಳಿರಲಿಲ್ಲ. ಆದಷ್ಟು ಕನ್ನಡ ಮಾತಾಡಿಸಿ ಎಂದಿದ್ದರು ಮೇಡಂ. ಅದನ್ನು ಆರ್ಡರ್ ಮಾಡಿದವಳು ಗುರುದೇವಿ.

‘ಹೌದೇನವ್ವ ಸರ್ಕಾರ! ಆತು ತಗೋ’ ಎಂದಳು ಮುನ್ನಿಬೀ.

ಅಂದಿನಿಂದ ಮುನ್ನಿಬೀ ಬಾಯಿ ಮುಚ್ಚಿ ಕೈಸನ್ನೆ ಶುರು ಮಾಡಿದಳು. ಸೊಂಟದ ಮೇಲೆ ಕೈಯಿಟ್ಟು, ಕಣ್ಣು ದೊಡ್ಡದು ಮಾಡಿ, ಬೆರಳೆತ್ತಿ ಗುರುದೇವಿ ಪಾಠ ಹೇಳುವುದನ್ನೇ ಮಾಡಿ ತೋರಿಸುವಳು. ಮಿನತಿ ಸೆರಗು ಬಾಯಿಗೆ ತುರುಕಿಕೊಂಡು ನಗುವಳು. ಕೈಸನ್ನೆಗೆ ಆರ್ಡರ್ ಮಾಡಲು ಗುರುದೇವಿಗೂ ಬರಲಿಲ್ಲ.

ಆದರೂ ಅವಳು ಧೈರ್ಯಗೆಡಲಿಲ್ಲ. ನಗಿಸುವುದೇನು, ಯಾರಾದರೂ ನಗಿಸಬಹುದು. ಕೆಲಸಕ್ಕೆ ಆಗುವವರು ಯಾರು? ನೋವು ಬಂದಾಗ ಆಟೋ ತರಿಸಿ ಯಾದಗಿರಿ ಆಸ್ಪತ್ರೆಗೆ ಕರೆದೊಯ್ದವಳು ಗುರುದೇವಿ. ಹೆಣ್ಣು ಕೂಸನ್ನು ಮೊದಲು ಕೈಯಲ್ಲಿ ಹಿಡಿದವಳೂ ಅವಳೇ. ಮನೆಗೆ ಬಂದ ಮೇಲೆ ಬಾಣಂತಿಗೆ ಅಜವಾನದ ಹೊಗೆ, ಬೆಳ್ಳುಳ್ಳಿ ಹಾಕಿದ ಬಿಸಿ ಸಾರು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ನೀವಿ ಎರೆಯುವುದು. ಒಂದನ್ನೂ ಬೇರೆಯವರಿಗೆ ಬಿಡಲಿಲ್ಲ. ಎರೆಯುತ್ತ ಕೂಸಿನ ಮುಖ ನೋಡಿ, ‘ನಾ ನಿನ್ನ ಸೋದರತ್ತಿ’ ಎಂದು ಮೆಲ್ಲಗೆ ಹೇಳಿಕೊಳ್ಳುವಳು.

ತೊಟ್ಟಿಲ ಕಾರ್ಯವನ್ನು ಅಂಗನವಾಡಿಯಲ್ಲೇ ಮಾಡೋಣ, ಯೋಜನೆಯ ಕಾರ್ಯಕ್ರಮ ಎಂದು ಫೋಟೋ ತೆಗೆಯೋಣ ಎಂದರು ಮೇಡಂ. ಹಿಂದಿನ ದಿನ ಸಂಜೆ ಬಿಕಾಶ ಈ ಕಡೆಯ ರೂಢಿಯಂತೆ ಹೆಸರಿಡುವವಳಿಗೆ ಕೊಡಲು ಯಾದಗಿರಿಯಿಂದ ಸೀರೆಯ ಚೀಲ ಹಿಡಿದು ಬಂದ. ಗುರುದೇವಿ ಬಾಗಿಲಲ್ಲೇ ಇದ್ದಳು. ಕೂದಲು ಬಾಚಿಕೊಂಡೇ ನಿಂತಿದ್ದಳು. ಬಿಕಾಶ ‘ಊಟ ಆಯ್ತಾ ಅಕ್ಕಾ’ ಎಂದು ಕೇಳಿ, ಅವಳನ್ನು ದಾಟಿ ಮುನ್ನಿಬೀಯ ಮನೆಯೊಳಕ್ಕೆ ಹೋದ. ಹೊರಗೆ ಬಂದಾಗ ಕೈ ಬರಿದಾಗಿತ್ತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗುರುದೇವಿ ಗೋಡೆಗೆ ಬಂದು ಕೂಗಿದಳು.

‘ಮುನ್ನಿಬೀ! ಹೊರಗ ಬಾ! ಕೂಸಿಗಿ ಎರದಾಕಿ ನಾನು, ಹೆಸರ ಇಡಾಕಿ ನೀನೇನು?’

ಮುನ್ನಿಬೀ ಸೀರೆ ಕೈಯಲ್ಲಿ ಹಿಡಿದೇ ಬಂದಳು. ‘ನಾ ಕೇಳಿಲ್ಲವ್ವ. ಅವರೇ ಬಂದು ಕೇಳ್ಯಾರ. ಒಲ್ಲೆ ಅಂತ ಹ್ಯಾಂಗ ಅನ್ಲಿ?’

‘ನಿಂಗ ನಾಕು ಮಂದಿ ಇದ್ದಾರ. ಒಬ್ಬನ್ನ ನಂಗ ಬಿಡಾಕ ಆಗಲಿಲ್ಲ?’

ಗುರುದೇವಿ ಬಾಗಿಲು ಧಡಾರನೆ ಹಾಕಿಕೊಂಡಳು.

ಮರುದಿನ ಹೋಗಬಾರದೆಂದೇ ಇದ್ದಳು. ಆದರೆ ಹೋಗದಿದ್ದರೆ ಆಡಿಕೊಳ್ಳುವವರಿಗೆ ಇನ್ನೂ ಸದರ. ಬಿಲ್ಲೆ ಚುಚ್ಚಿಕೊಂಡು, ಮುಖ ಗಂಟು ಹಾಕಿಕೊಂಡು, ಅಂಗನವಾಡಿಯ ಮೂಲೆಯಲ್ಲಿ ನಿಂತಳು. ತೊಟ್ಟಿಲಿಗೆ ಚೆಂಡುಹೂವು ಕಟ್ಟಿದ್ದರು. ಹೊಸ ಸೀರೆ ಉಟ್ಟ ಮುನ್ನಿಬೀ ತೊಟ್ಟಿಲ ಪಕ್ಕ ನಿಂತಿದ್ದಳು, ಹಸಿರು ಅಂಚಿನ ಸೀರೆ. ಚೆನ್ನಾಗಿತ್ತು, ಹಾಳಾದ್ದು.

ಮೇಡಂ ಮೊಬೈಲ್ ಹಿಡಿದು ಸುತ್ತ ನೋಡಿದರು. ‘ಊರ ಗೆಳತಿ ಎಲ್ಲಿದ್ದಾರ್ರಿ? ಗುರುದೇವಿಯವರ, ಮುಂದ ಬರ್ರಿ. ಹೆಸರು ನೀವೇ ಇಡ್ರಿ. ಫೋಟೋದಾಗ ಬಿಲ್ಲೆ ಕಾಣಬೇಕು.’

ಗುರುದೇವಿ ಮುನ್ನಿಬೀಯನ್ನು ನೋಡಿದಳು. ಮುನ್ನಿಬೀ ಹಿಂದೆ ಸರಿದಳು. ಜಗಳಾಡಿದ್ದರೆ ಗುರುದೇವಿಗೆ ಸುಖವಾಗಿರುತ್ತಿತ್ತು. ಆದರೂ ಬಿಡಲಾದೀತೇ? ಮಂದಿಯನ್ನು ಸರಿಸಿಕೊಂಡು ಬಂದಳು. ತೊಟ್ಟಿಲಿಗೆ ಬಾಗಿದಳು. ಎಣ್ಣೆಯ ವಾಸನೆಯ ಆ ಪುಟ್ಟ ಕಿವಿಯ ಹತ್ತಿರ ಬಾಯಿ ಒಯ್ದಳು.

ಬಾಯಿ ತೆರೆದವಳಿಗೆ ಆಗ ಹೊಳೆಯಿತು, ಕೂಸಿನ ಹೆಸರೇ ಅವಳಿಗೆ ಗೊತ್ತಿಲ್ಲ.

ಹೆಸರು ಇಡುವವಳಿಗೆ ಮಾತ್ರ ಮೊದಲು ಹೇಳುವುದು ರೂಢಿ. ಇವಳಿಗೆ ಯಾರೂ ಹೇಳಿರಲಿಲ್ಲ. ಬಾಗಿದವಳು ಬಾಗಿದಂತೆಯೇ ಇದ್ದಳು. ಸೊಂಟ ನೋಯತೊಡಗಿತು. ಹಿಂದೆ ಯಾರೋ ಕೆಮ್ಮಿದರು. ಕೊನೆಗೆ ತಲೆಯೆತ್ತದೆ, ‘ಹೆಸರೇನ ಮುನ್ನಿಬೀ?’ ಎಂದು ಕೇಳಿದಳು. ಅಷ್ಟು ಸಣ್ಣ ದನಿ ತನಗಿದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಮುನ್ನಿಬೀ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮಿನತಿ, ‘ಬ್ಯಾಡ ಆಪಾ’ ಎಂದಳು.

ಎಲ್ಲರೂ ಬಾಣಂತಿಯ ಕಡೆ ತಿರುಗಿದರು. ಮಿನತಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ, ಆದರೆ ಗುರುದೇವಿಯನ್ನು ನೇರ ನೋಡುತ್ತ ಕನ್ನಡದಲ್ಲೇ ಹೇಳಿದಳು.

‘ಅಕ್ಕಾ, ನೀವು ಎಣ್ಣಿ ಹಚ್ಚಿದ್ರಿ. ಆಸ್ಪತ್ರಿಗಿ ಬಂದ್ರಿ. ನಾ ಮರಿಯಂಗಿಲ್ಲ. ಆದ್ರ ನಿಮ್ಮ ಮುಂದ ಬಾಯಿ ತೆಗಿಲಾಕ ನಂಗ ಹೆದರಿಕಿ ಬರ್ತಾಳ. ಆಪಾ ಮುಂದ ತಪ್ಪು ಮಾತಾಡಿದ್ರ ಆಪಾ ನಗತದ, ನಾನೂ ನಗತೀನಿ. ನನ್ನ ಮಗಳ ಹೆಸರು ಆಪಾ ಹೇಳಲಿ.’

ಹೆದರಿಕೆ ಬರ್ತಾಳ ಅಲ್ಲ, ಬರ್ತದ. ಆಪಾ ನಗತದ ಅಲ್ಲ, ನಗತಾಳ. ಗುರುದೇವಿಯ ನಾಲಗೆಯ ತುದಿಗೆ ಬಂತು. ನುಂಗಿಕೊಂಡಳು. ಅವಮಾನವಾಯಿತು, ಅದಕ್ಕಿಂತ ಹೆಚ್ಚು ದುಃಖವಾಯಿತು. ಇಷ್ಟು ದಿನ ತಾನು ಕಲಿಸುತ್ತಿದ್ದೇನೆ ಎಂದುಕೊಂಡಿದ್ದಳು. ಈ ಹುಡುಗಿ ಹೆದರಿಕೊಂಡು ಕೂತಿದ್ದಳಂತೆ. ಮೇಡಂ ಮೊಬೈಲ್ ಕೆಳಗಿಳಿಸಿದರು. ಗುರುದೇವಿ ತೊಟ್ಟಿಲು ಬಿಟ್ಟು ಪಕ್ಕಕ್ಕೆ ಸರಿದಳು.

ಮುನ್ನಿಬೀ ಬಾಗಿ, ಹೆಸರಿಡುವ ಮೊದಲು ಮಾಡುವ ರೂಢಿಯಂತೆ, ಕೂಸಿನ ಕಿವಿಯಲ್ಲಿ ಕುರ್ರ್ ಎಂದಳು. ಆಮೇಲೆ ತಲೆಯೆತ್ತಿ ಎಲ್ಲರಿಗೂ ಕೇಳುವಂತೆ, ‘ಸುಭದ್ರಾ!’ ಎಂದಳು.

ಹೆಸರು ಹೇಳಿದ ಸೋದರತ್ತೆಯ ಬೆನ್ನಿಗೆ ಸುತ್ತಲಿನ ಹೆಂಗಸರೆಲ್ಲ ಗುದ್ದಬೇಕು. ಅದು ಈ ಕಾರ್ಯದ ತಮಾಷೆ. ಹೊಡೆಸಿಕೊಂಡವಳು ಎದ್ದು ನಗಬೇಕು, ಸಿಟ್ಟಾಗುವಂತಿಲ್ಲ. ಒಬ್ಬೊಬ್ಬರೇ ಬಂದು ಮುನ್ನಿಬೀಯ ಬೆನ್ನಿಗೆ ಮೆತ್ತಗೆ ಗುದ್ದಿ ಸರಿದರು. ಕೊನೆಗೆ ಉಳಿದವಳು ಗುರುದೇವಿ. ಹೆಂಗಸರು ಅವಳ ಮುಖ ನೋಡಿದರು. ಮುನ್ನಿಬೀ ತೊಟ್ಟಿಲ ಹಗ್ಗ ಹಿಡಿದು ಇನ್ನೂ ಬಾಗಿಯೇ ಇದ್ದಳು.

ಗುರುದೇವಿ ಗುದ್ದಿದಳು. ಧಪ್ ಎಂದ ಸದ್ದು ಅಂಗಳಕ್ಕೂ ಕೇಳಿಸಿತು. ತೊಟ್ಟಿಲು ಅಲುಗಿ ಕೂಸು ಬೆಚ್ಚಿ ಅತ್ತಿತು. ಮುನ್ನಿಬೀ ‘ಹಾಯ್ ಅಲ್ಲಾ!’ ಎಂದು ಮುಗ್ಗರಿಸಿ, ಹಗ್ಗ ಹಿಡಿದುಕೊಂಡು ನಿಂತಳು. ಅವಳ ಕಣ್ಣಲ್ಲಿ ನೀರು ಬಂದಿತ್ತು.

ಮುನ್ನಿಬೀ ಬೆನ್ನು ನೀವಿಕೊಳ್ಳುತ್ತ ಗುರುದೇವಿಯ ಕಡೆ ತಿರುಗಿ ಕೇಳಿದಳು, ‘ಹೊಟ್ಯಾಗ ಇನ್ನಾ ಉಳದದೇನವ್ವ? ಉಳದಿದ್ರ ಹೊಡಿ. ಮನಿಗಿ ಒಯ್ಬ್ಯಾಡ.’ ಹಾಗೆಂದು ಮತ್ತೆ ಬಾಗಿ ಬೆನ್ನು ಕೊಟ್ಟಳು.

ಗುರುದೇವಿ ಒಂದು ಗಳಿಗೆ ಯೋಚಿಸಿದಳು. ಉಳಿದಿತ್ತು. ಇನ್ನೊಂದು ಹೊಡೆದಳು.