ಐದು ತುಂಬುವ ಮೊದಲು

ತುಮಕೂರಿನ ಆಸ್ಪತ್ರೆಯಲ್ಲಿ ಸೊಸೆ ಹೇಮಶ್ರೀಯ ಸ್ಕ್ಯಾನಿಂಗ್ ಮುಗಿದ ಮೇಲೆ ಡಾಕ್ಟರು ಭದ್ರಮ್ಮನೊಬ್ಬಳನ್ನೇ ಒಳಗೆ ಕರೆಸಿಕೊಂಡರು.

"ಇದು ಬಸುರಲ್ಲಮ್ಮ. ಹೊಟ್ಟೆಯಲ್ಲಿ ನೀರು ತುಂಬಿದೆ. ತಲೆಯ ಗಡ್ಡೆ ಅಲ್ಲಿಗೂ ಹರಡಿದೆ."

ಅವಳ ಮಿದುಳಿನ ಗಡ್ಡೆಯನ್ನು ತೆಗೆಸಿ ಒಂದೂವರೆ ವರ್ಷವಾಗಿತ್ತು. "ತಲೇದು ತಲೇಲೇ ಇರ್ತದೆ, ಬೇರೆ ಕಡೆ ಹೋಗಲ್ಲ ಅಂದಿದ್ರಲ್ಲ ಸ್ವಾಮಿ?"

"ಹೋಗೋದು ತೀರಾ ಅಪರೂಪ. ತಲೆಯಲ್ಲಿ ಕಟ್ಟಿಕೊಂಡ ನೀರು ಹೊಟ್ಟೆಗೆ ಇಳಿಯಲಿ ಅಂತ ಚರ್ಮದ ಕೆಳಗೆ ಟ್ಯೂಬ್ ಹಾಕಿದ್ರಲ್ಲ, ಆ ನೀರಿನ ಜೊತೆ ಗಡ್ಡೆಯ ಕಣಗಳೂ ಇಳಿದಿರಬೇಕು. ಟ್ಯೂಬ್ ಇಲ್ಲದಿದ್ದರೆ ಅವತ್ತೇ ಉಳೀತಿರಲಿಲ್ಲ." ಡಾಕ್ಟರು ತಡೆದು ಕೇಳಿದರು: "ಹೊಟ್ಟೆ ಊದಿ ಎಷ್ಟು ದಿನ ಆಯ್ತು?"

"ಎರಡು ತಿಂಗಳು."

"ಮತ್ತೆ, ತೋರಿಸಲೇ ಇಲ್ಲ?"

ಭದ್ರಮ್ಮ ತಲೆ ತಗ್ಗಿಸಿದಳು. ಗುಬ್ಬಿಯ ಅವರ ಮನೆತನದಲ್ಲಿ ಐದು ತಿಂಗಳು ತುಂಬುವವರೆಗೆ ಬಸುರಿನ ಸುದ್ದಿ ಹೊಸಿಲು ದಾಟುವಂತಿರಲಿಲ್ಲ. ಮುಟ್ಟು ನಿಂತು ಹೊಟ್ಟೆ ಏರಿದಾಗ ಹೇಮಶ್ರೀಯೇ, "ಒಂದ್ಸಲ ಚೆಕಪ್‌ಗೆ ಹೋಗಿಬರೋಣ ಅತ್ತೆ" ಎಂದಿದ್ದಳು. "ಐದು ತುಂಬ್ಲಿ ಬುಡು, ಕಣ್ಣು ಬಿದ್ದಾತು" ಎಂದು ತಡೆದವಳು ಭದ್ರಮ್ಮ. ಕುಣಿಗಲ್ಲಿನಿಂದ ಬೀಗಿತಿ ಚೆನ್ನಮ್ಮ ಫೋನು ಮಾಡಿದರೆ, "ನಿನ್ ಮಗಳು ದಪ್ಪ ಆಗವ್ಳೆ ಕಣಮ್ಮ, ನಿಮ್ಮನೇಲಿ ಉಣ್ಣಾಕೇ ಇಕ್ಕಿರ್ಲಿಲ್ಲವೇನೋ" ಎಂದು ನಗಿಸಿದ್ದಳು.

"ಆವಾಗ್ಲೇ ಬಂದಿದ್ರೆ?" ಎಂದು ಡಾಕ್ಟರನ್ನು ಕೇಳಿದಳು.

"ಉಳಿಸುತ್ತಿದ್ದೆವು ಅನ್ನಲಾರೆ. ಚಿಕಿತ್ಸೆಯನ್ನಾದರೂ ಶುರು ಮಾಡಬಹುದಿತ್ತು."

ವಾರ್ಡಿನಲ್ಲಿ ಹೇಮಶ್ರೀ ದಿಂಬಿಗೊರಗಿ ಕುಳಿತಿದ್ದಳು. "ಏನಂದ್ರು ಅತ್ತೆ? ಮಗು ಚೆನ್ನಾಗಿದ್ಯಂತಾ?"

ಚೆನ್ನಾಗಿದೆ ಎಂದುಬಿಡಲು ದಾರಿಯುದ್ದಕ್ಕೂ ನಿಶ್ಚಯಿಸಿಕೊಂಡು ಬಂದಿದ್ದ ಭದ್ರಮ್ಮನಿಗೆ ನಾಲಿಗೆ ಏಳಲಿಲ್ಲ. "ಮಗು ಇಲ್ಲ ಕಣವ್ವ. ಗಡ್ಡೆ ಹೊಟ್ಟೆಗೆ ಇಳಿದದಂತೆ. ನಾನು ತಡೀದೆ ಇದ್ದಿದ್ರೆ ಎರಡು ತಿಂಗಳ ಹಿಂದೇನೇ ಗೊತ್ತಾಗ್ತಿತ್ತು."

ಹೇಮಶ್ರೀ ಹೊಟ್ಟೆಯ ಮೇಲಿದ್ದ ಕೈಯನ್ನು ತೆಗೆಯಲಿಲ್ಲ.

"ಅವ್ರಿಗೆ ಹೇಳಿದ್ರಾ?"

ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅವಳ ಗಂಡ ನಾಗೇಶ್ ಶಿಫ್ಟು ಮುಗಿಸಿ ಬರುವವನಿದ್ದ.

"ಇಲ್ಲ."

"ಮಗು ಇಲ್ಲ ಅನ್ನೋದನ್ನ ನಾನೇ ಹೇಳ್ತೀನಿ. ನೀವು ತಡೆದಿದ್ದನ್ನ ಮಾತ್ರ ಹೇಳ್ಬೇಡಿ ಅತ್ತೆ. ನಾನು ಹೋದ್ಮೇಲೆ ನೀವು ತಾಯಿ ಮಗ ಒಂದೇ ಮನೇಲಿ ಇರ್ಬೇಕಲ್ಲ."

ಭದ್ರಮ್ಮ ಹೂಂ ಎನ್ನಲಿಲ್ಲ. ಸೊಸೆಯ ಹೊದಿಕೆಯನ್ನು ಸರಿಪಡಿಸಿ, ಹೊರಗೆ ಬಂದು ಮೆಟ್ಟಿಲ ತುದಿಯಲ್ಲಿ ನಿಂತಳು. ಮಗ ಮೇಲೇರಿ ಬರುತ್ತಲೇ ಅವನ ತೋಳು ಹಿಡಿದು ನಿಲ್ಲಿಸಿ, ತಾನು ಮಾಡಿದ್ದನ್ನೇ ಮೊದಲು ಹೇಳಿದಳು.