ಜಾಗ ಹಿಡಿದದ್ದು

ಮನಗೂಳಿಯ ನಮ್ಮ ಶಾಲೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸಿದವಳು ನಾನೇ. ವಿಂಡೋಸೇ ಬೇಕೆಂದು ಗೊಣಗಿದವರ ಜೊತೆ ವರ್ಷವಿಡೀ ಜಗಳಾಡಿದ್ದೇನೆ. ಹೀಗಿರುವಾಗ ಗಣಿತದ ಮಾಸ್ತರ ಧರ್ಮರಾಜ ತಮ್ಮ ಎಂಪಿತ್ರೀ ಪ್ಲೇಯರ್ ತಂದು, "ಪಲ್ಲವಿ ಟೀಚರ್ರ, ಇದರಾಗ ಒಂದು ಹಾಡೂ ಇಲ್ಲ, ಆದ್ರೂ ಜಾಗ ಇಲ್ಲ ಅಂತೈತಿ. ನಿಮ್ಮ ಲಿನಕ್ಸಿಂದನ ಹಿಂಗಾಗೇತಿ" ಎಂದಾಗ ನನಗೆ ಸಿಟ್ಟು ನೆತ್ತಿಗೇರಿತು.

ಏನೂ ಕೇಳಲಿಲ್ಲ, ಒಳಗೇನಿದೆಯೆಂದು ನೋಡಲೂ ಇಲ್ಲ. ಫಾರ್ಮ್ಯಾಟ್ ಮಾಡಿ ಎಲ್ಲ ಅಳಿಸಿ, ತುಂಬಿ ತುಳುಕುವಷ್ಟು ಸಿನಿಮಾ ಹಾಡು ಹಾಕಿ ಅವರ ಕೈಗಿಟ್ಟೆ.

"ತಗೋರಿ. ಲಿನಕ್ಸಿನ ತಪ್ಪಲ್ಲ."

ಅವರು ಸ್ವಲ್ಪ ಹೊತ್ತು ಕೇಳಿ ಇಯರ್‌ಫೋನ್ ತೆಗೆದರು.

"ಮೊದಲ ಇದರಾಗ ನಮ್ಮವ್ವನ ಬೀಸೂ ಪದ ಇದ್ವು. ಆಕಿ ಸಾಯೂಕಿಂತ ಮೊದಲ ರೆಕಾರ್ಡ್ ಮಾಡಿದ್ದೆ. ಹೋದ ವಾರ ಇದ ಕಂಪ್ಯೂಟರಿನಾಗ ಕೈತಪ್ಪಿ ಡಿಲೀಟ್ ಒತ್ತಿಬಿಟ್ಟೆ. ಹೋದದ್ದು ಹೋತು, ನಿಮಗ್ಯಾಕ ತ್ರಾಸಂತ ಸುಮ್ಮನಾದೆ."

ಲಿನಕ್ಸಿನಲ್ಲಿ ಡಿಲೀಟ್ ಒತ್ತಿದರೆ ಹಾಡು ಅಳಿಯುವುದಿಲ್ಲ. ಪ್ಲೇಯರಿನೊಳಗೇ ಕಣ್ಣಿಗೆ ಕಾಣದ ಕಸದ ಫೋಲ್ಡರಿಗೆ ಸೇರುತ್ತದೆ. ಮಕ್ಕಳಿಗೆ ಇದನ್ನು ಪಾಠ ಮಾಡಿದವಳೂ ನಾನೇ. ಒಂದು ಗಂಟೆಯ ಹಿಂದಿನವರೆಗೂ ಅಲ್ಲಿ ಜಾಗ ಹಿಡಿದು ಕೂತಿದ್ದವರು ಅವರ ತಾಯಿ.

"ಬಿಡ್ರಿ ಟೀಚರ್ರ," ಎಂದರು ಧರ್ಮರಾಜ, "ಲಿನಕ್ಸಿನ ತಪ್ಪಲ್ಲ. ತಪ್ಪು ನಂದ ಐತಿ."

"ಹೌದ್ರಿ" ಎಂದೆ.