ಎಲ್ಲೂ ಹೋಗದ ಸೈಕಲ್ಲು

ಲೋಟ ತೊಳೆಯುತ್ತಿದ್ದವಳು ನಲ್ಲಿಯನ್ನು ಇನ್ನೂ ಸಣ್ಣ ಮಾಡಿದಳು. ಮಣ್ಣಿಗೆ ಹೋದವರು ವಾಪಸಾಗುವಷ್ಟರಲ್ಲಿ ಮೇಲಿನ ಟ್ಯಾಂಕು ಖಾಲಿಯಾಗಿಬಿಟ್ಟರೆ? ತಾತ ಸತ್ತ ದಿನ ತನಗೆ ನೀರಿನ ಚಿಂತೆ! ತನ್ನಷ್ಟಕ್ಕೇ ನಾಚಿದಳು.

"ಏನೇ, ಹನಿ ಹನಿ ಬಿಟ್ಕೊಂಡು ಕೂತಿದ್ದೀಯ? ಕತ್ತಲಾಗೋವರೆಗೂ ತೊಳೀತೀಯಾ?" ಅತ್ತೆ ಇನ್ನಷ್ಟು ಲೋಟ ತಂದಿಟ್ಟಳು. ತನ್ನಪ್ಪನಿಗಾಗಿ ಅತ್ತ ಅವಳ ಕಣ್ಣು ಇನ್ನೂ ಕೆಂಪಗಿತ್ತು.

ಅವಳು ಆ ಲೋಟಗಳನ್ನೂ ಹತ್ತಿರಕ್ಕೆಳೆದುಕೊಂಡಳು. ಅಂಗಳದ ಮೂಲೆಯಲ್ಲಿ ತಾತನ ಸೈಕಲ್ಲು ನಿಂತಿತ್ತು. ಮುಂದಿನ ಚಕ್ರವಿಲ್ಲ. ಸೀಟಿಗೆ ಸುತ್ತಿದ ಹಳೇ ಟವೆಲ್ಲು. ಹಿಂದಿನ ಚಕ್ರದಿಂದ ಪಂಪಿಗೆ ಬೆಲ್ಟು, ಪಂಪಿನಿಂದ ಮಹಡಿ ಮೇಲಿನ ಟ್ಯಾಂಕಿಗೆ ಪೈಪು. ಕಟ್ಟಡದ ಮೋಟಾರು ಸುಟ್ಟು, ಮಾಲೀಕರು ನಾಳೆ, ನಾಡಿದ್ದು ಎಂದು ದಿನ ದೂಡಿದಾಗ, ಸೈಕಲ್ ರಿಪೇರಿ ಮಾಡುತ್ತಿದ್ದ ತಾತ ತಾನೇ ಜೋಡಿಸಿದ್ದು. ದಿನಾ ಸಂಜೆ ಒಂದು ಗಂಟೆ ತುಳಿಯುತ್ತಿದ್ದ. ನಿನ್ನೆಯೂ ತುಳಿದಿದ್ದ. ಬೆಳಿಗ್ಗೆ ಏಳಲಿಲ್ಲ.

*

ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಅವನೆದುರು ವಿಜ್ಞಾನದ ಪಾಠ ಒಪ್ಪಿಸುತ್ತಾ ಅವಳು ಹೇಳಿದ್ದಳು:

"ತಾತ, ಕೆಲಸ ಆಯ್ತು ಅನ್ನೋಕೆ ಬಲ ಹಾಕಿದ್ರೆ ಸಾಲದು, ವಸ್ತು ಜರುಗಬೇಕು. ನಿನ್ನ ಸೈಕಲ್ಲು ಒಂದಿಂಚೂ ಜರುಗಲ್ಲ. ಅಂದ್ರೆ ನೀನು ಮಾಡಿದ ಕೆಲಸ ಸೊನ್ನೆ!"

ತಾತ ಪೆಡಲ್ಲು ನಿಲ್ಲಿಸಿ ನಕ್ಕೇ ನಕ್ಕ. "ಅಯ್ಯೋ ನನ್ನ ಮೇಡಮ್ಮೇ, ಹಾಗಾದ್ರೆ ಈ ಬೆವರು ಯಾರ್ದು?"

ಆಮೇಲೆ ಕಂಡಕಂಡವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದ: "ನಮ್ಮ ಮೊಮ್ಮಗಳು ಕಂಡುಹಿಡಿದಿದ್ದಾಳೆ, ನಾನು ಶುದ್ಧ ಸೋಮಾರಿ ಅಂತ."

ಬಿ.ಎಸ್ಸಿ. ಎರಡನೇ ವರ್ಷದಲ್ಲಿ ತಪ್ಪು ಹೊಳೆಯಿತು. ಜರುಗಬೇಕಾದ್ದು ಸೈಕಲ್ಲಲ್ಲ, ನೀರು. ಡೈರಿಯಲ್ಲಿ ಲೆಕ್ಕ ಹಾಕಿದಳು: ಐನೂರು ಲೀಟರು, ಹತ್ತು ಮೀಟರು ಎತ್ತರ, ಹತ್ತಿರ ಹತ್ತಿರ ಐವತ್ತು ಸಾವಿರ ಜೂಲ್ ಕೆಲಸ. ತಾತನ ಕಾಲಿನಿಂದ ಹೊರಟ ಶಕ್ತಿ ಮೇಲೆ ಹೋಗಿ ಸುಮ್ಮನೆ ಕೂತಿರುತ್ತದೆ, ಯಾರಾದರೂ ನಲ್ಲಿ ತಿರುಗಿಸುವವರೆಗೆ. ಕೆಳಗೆ 'ನಾಳೆ ಹೇಳಬೇಕು' ಎಂದು ಬರೆದಳು. ಆ ಸಾಲು ಡೈರಿಯಲ್ಲಿ ಹನ್ನೊಂದು ಸಲ ಇದೆ.

*

ಕಾಲು ತುಂಬ ಮಣ್ಣು ಮಾಡಿಕೊಂಡು ಎಲ್ಲರೂ ಬಂದರು. ಮೂರನೇ ಮಹಡಿಯ ಟೈಲರ್ ನಲ್ಲಿಯ ಮುಂದೆ ಬಗ್ಗಿದ.

"ನನ್ನ ಹೆಂಡ್ತಿ ಬಸುರಿಯಾಗಿದ್ದಾಗ ಒಂದು ಬಿಂದಿಗೆ ನೀರೂ ಮೆಟ್ಟಿಲು ಹತ್ತಿಸೋಕೆ ಬಿಡ್ಲಿಲ್ಲ ಪುಣ್ಯಾತ್ಮ. ಕೈ ಮುಗಿದ್ರೆ, 'ಬಿಡಯ್ಯಾ, ಮೊಮ್ಮಗಳ ಲೆಕ್ಕದಲ್ಲಿ ನನ್ನ ಕೆಲಸ ಸೊನ್ನೆ' ಅನ್ನೋರು!"

ಎಲ್ಲರೂ ನಕ್ಕರು. ಅತ್ತೆಯೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು.

ಲೋಟ ತೊಳೆಯುತ್ತಿದ್ದವಳು ಎದ್ದು ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರು ರಭಸದಿಂದ ಧುಮುಕಿ ಟೈಲರನ ಕೈಗೆ, ಕಾಲಿಗೆ, ಅವಳ ಲಂಗದ ಅಂಚಿಗೆ ಸಿಡಿಯಿತು.

"ಸೊನ್ನೆ ಅಲ್ಲ," ಎಂದಳು. ಅವಳು ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ, ಎಲ್ಲರೂ ತಿರುಗಿದರು. "ನಾನು ಹೇಳಿದ್ದೇ ತಪ್ಪು. ಇದು ನಿನ್ನೆ ತಾತ ಮೇಲೆ ಹತ್ತಿಸಿದ ನೀರು. ಇನ್ನೂ ಬರ್ತಾ ಇದೆ, ನೋಡಿ."